ಮುಂಗಡ ಸಾಕ್ಷಿ

ನಮ್ಮ ಬೈಲಹೊಂಗಲದ ಚರ್ಚಿನ ಭಾನುವಾರದ ಸಭೆಯಲ್ಲಿ ಹಾಡು ಮುಗಿದು ಬೈಬಲ್ಲಿನ ಪ್ರಸಂಗ ಶುರುವಾಗುವ ಮೊದಲು ಸಾಕ್ಷಿ ಹೇಳುವ ಹೊತ್ತೊಂದು ಬರುತ್ತದೆ. ಪಾಸ್ಟರ್ ಒಂದು ಬದಿಗೆ ಸರಿದು, “ಈ ವಾರ ದೇವರು ಮಾಡಿದ ಉಪಕಾರ ಯಾರರೆ ಹೇಳೋರಿದ್ರ ಹೇಳ್ರಿ” ಎನ್ನುತ್ತಾರೆ. ಸ್ವಲ್ಪ ಹೊತ್ತು ಎಲ್ಲರೂ ತಲೆ ತಗ್ಗಿಸಿ ಕೂರುತ್ತಾರೆ, ಶಾಲೆಯಲ್ಲಿ ನಾನು ಮಗ್ಗಿ ಕೇಳಿದಾಗ ಮಕ್ಕಳು ಕೂರುವ ಹಾಗೆ. ಆಮೇಲೆ ಗಂಡಸರ ಕಡೆಯಿಂದ ಒಬ್ಬರು ಏಳುತ್ತಾರೆ. ಮೂರು ದಿನದಿಂದ ಕಾಣದಿದ್ದ ಎಮ್ಮೆ ಸಿಕ್ಕಿತು, ಸ್ತೋತ್ರ. ಹೆಂಗಸರ ಕಡೆಯಿಂದ ಒಬ್ಬಳು ಏಳುತ್ತಾಳೆ. ಬೀಗರು ಬಂದ ದಿನವೇ ಸಿಲಿಂಡರ್ ಖಾಲಿಯಾಗಿತ್ತು, ಅಷ್ಟರಲ್ಲಿ ಗ್ಯಾಸಿನ ಗಾಡಿ ಓಣಿಗೆ ಬಂತು, ಸ್ತೋತ್ರ. ಹೊರಗಿನವರಿಗೆ ನಗು ಬರಬಹುದು. ನಾವು ಅದನ್ನು ನಂಬಿಕೊಂಡು ಬೆಳೆದವರು, ನಮಗೆ ನಗು ಬರುವುದಿಲ್ಲ.

ಸಾಕ್ಷಿ ಹೇಳುವುದರಲ್ಲಿ ನಾನು ಎತ್ತಿದ ಕೈ. ಸವದತ್ತಿ ಕಡೆಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಕಲಿಸಿದವಳು. ಕೊನೆಯ ಸಾಲಿನ ತನಕ ದನಿ ಮುಟ್ಟಿಸುವುದು ನನಗೆ ಗೊತ್ತು. ಎಲ್ಲಿ ತಡೆದು ನಿಲ್ಲಬೇಕು, ಎಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕು ಎಂಬುದೂ ಗೊತ್ತು. “ಅಕ್ಕಾರು ಸಾಕ್ಷಿ ಹೇಳಿದ್ರ ಪ್ರಸಂಗಾನ ಬ್ಯಾಡ ಅನಸ್ತೈತ್ರಿ” ಎಂದು ಹೆಂಗಸರು ಅಂದಾಗ, “ಛೇ, ನನ್ನದೇನೈತಿ, ಎಲ್ಲಾ ಅವನದ” ಎಂದು ಬಾಯಿ ಹೇಳುತ್ತಿತ್ತು. ಒಳಗೆ ಖುಷಿಯಾಗುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಈ ಖುಷಿಯ ವಿಷಯ ಬಿಟ್ಟು ಉಳಿದದ್ದನ್ನು ಬರೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ.

ನನ್ನ ಯಜಮಾನರು ಕಿತ್ತೂರಿನ ಕಡೆಯವರು. ಮದುವೆಗೆ ಮುಂಚೆ ನನ್ನ ತವರಿನವರು, ಕಿತ್ತೂರಿನ ಗಂಡು ಎಂದರೆ ಮಾತೆತ್ತಿದರೆ ಕತ್ತಿ ಹಿರಿಯುತ್ತಾನೇನೋ ಎಂದು ಅಂಜಿದ್ದರು. ಬಂದ ಅಳಿಯ ಊಟಕ್ಕೆ ಕೂತಾಗ ಉಪ್ಪು ಬೇಕೆಂದು ಕೇಳಲೂ ಸಂಕೋಚಪಡುವವರು. ಬೈಲಹೊಂಗಲದ ಪೇಟೆ ದಾಟಿದ ಮೇಲೆ ಅವರದೊಂದು ಸಣ್ಣ ಅಂಗಡಿ ಇತ್ತು. ರೈತರು ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರು ತಂದುಕೊಟ್ಟರೆ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಿದ್ದರು. ಅವರ ಬೆರಳುಗಳ ತುದಿ ಸದಾ ಕಪ್ಪು. ಭಾನುವಾರ ಸಭೆಗೆ ಹೊರಡುವಾಗ ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅಷ್ಟು ವರ್ಷಗಳಲ್ಲಿ ಅವರು ಒಂದು ದಿನವೂ ಎದ್ದು ನಿಂತು ಸಾಕ್ಷಿ ಹೇಳಿದವರಲ್ಲ. ನಾನು ಪೀಡಿಸಿದರೆ, “ನೀ ಹೇಳ್ತೀಯಲ್ಲ, ನಂದೂ ಅದರಾಗ ಸೇರಿಸಿ ಹೇಳು” ಎಂದು ನಕ್ಕು ಸುಮ್ಮನಾಗುತ್ತಿದ್ದರು. ನಾನು ಹಾಗೇ ಮಾಡುತ್ತಿದ್ದೆ.

ಅವರಿಗೆ ಊಟ ಸೇರದೆ ಆಯಿತು, ಕಣ್ಣು ಹಳದಿಯಾದವು. ಕಾಮಾಲೆ ಎಂದುಕೊಂಡು ಹಳ್ಳಿ ಔಷಧಿ ಮಾಡಿಸಿದೆವು. ಕೊನೆಗೆ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯ ಒಳಭಾಗದಲ್ಲಿ ಗಡ್ಡೆ ಇದೆ ಎಂದರು. ಕತ್ತರಿಸಿ ತೆಗೆಯುವ ಹಾಗಿಲ್ಲ ಎಂದರು. ಸಲೈನಿನಲ್ಲಿ ಔಷಧಿ ಕೊಟ್ಟರು, ಕಣ್ಣಿನ ಹಳದಿ ಇಳಿಯಿತು. ಆಗ ಅವರಿಗೆ ನೋವು ಎಂಬುದು ಇರಲಿಲ್ಲ, ಬರೀ ಸುಸ್ತು. ಮತ್ತೆ ಇಂಥ ದಿನ ಬರಬೇಕು ಎಂದು ಚೀಟಿ ಬರೆದು ಮನೆಗೆ ಕಳಿಸಿದರು. ಎರಡು ಹೊತ್ತು ಅರ್ಧರ್ಧ ರೊಟ್ಟಿ ತಿನ್ನತೊಡಗಿದ್ದರು. ನನಗೆ ಅಷ್ಟೇ ಸಾಕಾಯಿತು.

ಅದೇ ಸಮಯಕ್ಕೆ ಸವದತ್ತಿಯಲ್ಲಿ ಮೂರು ದಿನದ ಉಪವಾಸ ಪ್ರಾರ್ಥನೆ ಇಟ್ಟಿದ್ದರು. ಬೇರೆ ಕಡೆಯಿಂದ ಬಂದ ಒಬ್ಬ ಬೋಧಕರು ಅಲ್ಲಿ ಮಾತಾಡಿದರು. ಅವರು ಕಲಿಸಿದ್ದು ಇಷ್ಟು: ಬೇಡಿಕೊಂಡದ್ದು ಕೈಗೆ ಬರುವ ತನಕ ಕಾದು ಧನ್ಯವಾದ ಹೇಳುವುದರಲ್ಲಿ ಏನು ದೊಡ್ಡಸ್ತಿಕೆ? ಬರುವ ಮೊದಲೇ ಬಂದಿದೆ ಎಂದು ಸಭೆಯ ಮುಂದೆ ಸಾಕ್ಷಿ ಹೇಳಬೇಕು. ಹೇಳಿದ ಮೇಲೆ ಆ ಮನೆಯವರ ಬಾಯಿಂದ ಅದಕ್ಕೆ ವಿರುದ್ಧವಾದ ಒಂದು ಮಾತೂ ಬೀಳಬಾರದು. ರೋಗದ ಹೆಸರು ಎತ್ತಬಾರದು. ನೋಡಲು ಬಂದವರೂ “ಹೆಂಗೈತಿ” ಎಂದು ಕೇಳಬಾರದು. ಕೇಳಿದರೆ ನಂಬಿಕೆಯಲ್ಲಿ ತೂತು ಬೀಳುತ್ತದೆ. ನಮ್ಮ ಸಭೆಯವರು ಅದಕ್ಕೆ ಮುಂಗಡ ಸಾಕ್ಷಿ ಎಂದು ಹೆಸರಿಟ್ಟುಕೊಂಡರು. ಒಂದಿಬ್ಬರು ಮಕ್ಕಳ ನೌಕರಿಗಾಗಿ ಹಾಗೆ ಹೇಳಿಯೂ ಬಿಟ್ಟಿದ್ದರು.

ನಾನು ಸವದತ್ತಿಯಿಂದ ಬಸ್ಸಿನಲ್ಲಿ ಬರುವಾಗಲೇ ಮಾತುಗಳನ್ನು ಹೊಂದಿಸಿಕೊಂಡಿದ್ದೆ. ಮುಂದಿನ ಭಾನುವಾರ ಎದ್ದು ನಿಂತೆ. “ದೇವರು ನನ್ನ ಯಜಮಾನರನ್ನ ಪೂರ್ತಿ ಗುಣಾ ಮಾಡ್ಯಾರ. ಗಡ್ಡಿ ಕರಗೇತಿ. ಡಾಕ್ಟರು ನೋಡೂಕಿಂತ ಮೊದಲ ನಾ ನೋಡೇನಿ, ನಂಬಿಕಿ ಕಣ್ಣೀಲೆ” ಎಂದೆ. ನಡುವೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತೆ. ಹೆಂಗಸರು ಅತ್ತರು. ಗಂಡಸರು ಚಪ್ಪಾಳೆ ತಟ್ಟಿದರು. ಎಲ್ಲರೂ ಹಿಂತಿರುಗಿ ಗಂಡಸರ ಸಾಲಿನ ಗೋಡೆಯ ಬದಿಗೆ ಕೂತಿದ್ದ ಅವರನ್ನು ನೋಡಿದರು. ಅವರಿಗೆ ನಾನು ಮುಂಚೆ ಹೇಳಿರಲಿಲ್ಲ. ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಗೋಡೆ ಹಿಡಿದು ನಿಧಾನವಾಗಿ ಎದ್ದು ನಿಂತು, ಸಭೆಗೆ ಕೈ ಮುಗಿದು ಕೂತರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಅವರು ಗುಣವಾದ ಮನುಷ್ಯ. ಮತ್ತೆ ಅಂಗಡಿಗೂ ಹೋಗತೊಡಗಿದರು. ಆಸ್ಪತ್ರೆಯ ಚೀಟಿಯ ದಿನ ಬಂದಾಗ, “ಈಗ ಹೋದ್ರ ಅಪನಂಬಿಕಿ ಆಕ್ಕೈತಿ. ಸ್ವಲ್ಪ ದಿನ ಬಿಟ್ಟು ಹೋಗೂಣು, ಡಾಕ್ಟರಿಗೇ ಸಾಕ್ಷಿ ಆಗ್ಲಿ” ಎಂದೆ. “ಆತು” ಎಂದರು. ರಾಮದುರ್ಗಕ್ಕೆ ಕೊಟ್ಟ ಮಗಳು ಎರಡನೆಯ ಸಲ ಬಸುರಿಯಾಗಿದ್ದಳು. ಫೋನು ಮಾಡಿ, “ಅವ್ವಾ, ಎಂಟು ದಿನ ಬಂದು ಅಪ್ಪನ ಕೂಡ ಇದ್ದು ಹೋಗ್ತೇನಿ” ಎಂದಳು. “ಅಪ್ಪ ಆರಾಮ ಆಗ್ಯಾರ. ಈ ಬಿಸಲಾಗ ಬಸ್ಸಿನ್ಯಾಗ ಕುಲುಕಿಸ್ಕೊಂಡು ಯಾಕ ಬರ್ತಿ? ಹೆರಿಗಿ ಆದ ಮ್ಯಾಲ ಕೂಸಿನ ಕರ್ಕೊಂಡು ಬಾ” ಎಂದೆ. ಫೋನನ್ನು ಅವರ ಕೈಗೆ ಕೊಟ್ಟೆ. ಅವರು, “ಹೂನವಾ, ಆರಾಮ ಅದೇನಿ. ನೀ ಹುಷಾರ ಇರು” ಎಂದರು. ಮಾತು ಮುಗಿದ ಮೇಲೂ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು.

ಕಣ್ಣಿದ್ದವಳಿಗೆ ಕಾಣಬೇಕಿತ್ತು. ಮಂಚ ಬಿಟ್ಟು ನೆಲದ ಮೇಲೆ ಮಲಗತೊಡಗಿದರು. ಸೆಕೆಗೆ ಎಂದುಕೊಂಡೆ. ಬಚ್ಚಲಿಗೆ ಹೋದರೆ ನೀರು ಬಿಟ್ಟುಕೊಂಡು ಬಹಳ ಹೊತ್ತು ಕೂರುತ್ತಿದ್ದರು. ಅದಕ್ಕೂ ಸೆಕೆಯೇ ಕಾರಣ ಎಂದುಕೊಂಡೆ. ಅಂಗಿ ಹೆಗಲಿನಿಂದ ಜಾರುತ್ತಿತ್ತು. ರೋಗ ಹೋದ ಮೇಲೆ ಮೈ ಕಟ್ಟಿಕೊಳ್ಳಲು ದಿನ ಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಕ್ಕಳ ಮುಖ ನೋಡಿ ಯಾರ ಹೊಟ್ಟೆ ಹಸಿದಿದೆ, ಯಾರು ಬೆಳಿಗ್ಗೆ ಮನೆಯಲ್ಲಿ ಪೆಟ್ಟು ತಿಂದು ಬಂದಿದ್ದಾರೆ ಎಂದು ಹೇಳುತ್ತಿದ್ದ ಟೀಚರು ನಾನು. ಸುತ್ತಲಿನ ಶಾಲೆಗಳಲ್ಲೆಲ್ಲ ಆ ಹೆಸರಿತ್ತು ನನಗೆ.

ಜೂನ್ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಚಹಾದ ಕಪ್ಪು ಹಿಡಿದವರು ಹಾಗೇ ಪಕ್ಕಕ್ಕೆ ವಾಲಿದರು. ಬೆಳಗಾವಿಗೆ ಕರೆದೊಯ್ದೆವು. ಡಾಕ್ಟರು ಪರೀಕ್ಷೆ ಮಾಡಿ ನನ್ನನ್ನು ಹೊರಗೆ ಕರೆದರು. “ಗಡ್ಡಿ ಬೆಳಿಯೂದು ಬೆಳೀತಿತ್ರಿ. ನೀವು ಬಂದಿದ್ರೂ ಅದನ್ನ ತಡಿಯಾಕ ಆಗ್ತಿರಲಿಲ್ಲ. ಆದ್ರ ನೋವಿಗೆ ನಮ್ಮ ಕಡೆ ಔಷಧ ಇತ್ತಲ್ರಿ. ಇಷ್ಟು ನೋವು ತಿನಕೋತ ಮನ್ಯಾಗ ಯಾಕ ಕುಂತ್ರು?” ಎಂದರು.

“ಅವರಿಗೆ ನೋವಿರಲಿಲ್ರಿ” ಎಂದೆ.

ಹೋಮ್‌ವರ್ಕ್ ಮಾಡದೆ ಬಂದು ಪುಸ್ತಕ ಮರೆತೆ ಎನ್ನುವ ಹುಡುಗಿಯನ್ನು ನಾನು ನೋಡುವ ಹಾಗೆ ಆ ಡಾಕ್ಟರು ನನ್ನನ್ನು ನೋಡಿದರು. ಒಳಗೆ ಹೋಗಿ ಇಂಜೆಕ್ಷನ್ ಬರೆದರು. ಅದಾದ ಮೇಲೆ ಯಜಮಾನರು ಹೆಚ್ಚು ಹೊತ್ತು ಮಂಪರಿನಲ್ಲೇ ಇದ್ದರು. ಮೂರನೆಯ ದಿನ ಬೆಳಿಗ್ಗೆ ಕಣ್ಣು ತೆರೆದು, “ಸಾಲಿ ಚಾಲೂ ಆತೇನು?” ಎಂದು ಕೇಳಿದರು. ಆಗಲಾದರೂ ನೋವಿದೆಯೇ ಎಂದು ನಾನು ಕೇಳಬಹುದಿತ್ತು. ಬಾಯಿ ತನ್ನ ರೂಢಿಯನ್ನೇ ಹಿಡಿಯಿತು. “ದೇವರು ನಿಮ್ಮನ್ನ ಎಬ್ಬಸ್ತಾರ, ಅಂಜಬ್ಯಾಡ್ರಿ” ಎಂದೆ. “ಹೂಂ” ಎಂದರು. ಮರುದಿನ ಹೋಗಿಬಿಟ್ಟರು.

ಮಗಳು ತುಂಬಿದ ಬಸುರಿ, ಕಾರು ಮಾಡಿಕೊಂಡು ಮಣ್ಣಿಗೆ ಬಂದಳು. ಅಪ್ಪನ ಕೆನ್ನೆಯ ಮೇಲೆ ಕೈಯಿಟ್ಟು, “ಇಷ್ಟು ಬಡಕಲಾಗ್ಯಾರಲ್ಲ” ಎಂದಳು ಅಷ್ಟೇ. ಮೂರು ವಾರಕ್ಕೆ ಗಂಡು ಕೂಸು ಹುಟ್ಟಿತು. ಸಭೆಯವರು ನನ್ನ ಸಾಕ್ಷಿಯ ಮಾತು ಎತ್ತಲಿಲ್ಲ. ಎತ್ತದಿರುವುದೇ ಮರ್ಯಾದೆ ಎಂದುಕೊಂಡಿರಬೇಕು. ಸವದತ್ತಿಯ ಆ ಬೋಧಕರು ಮತ್ತೆ ಬರಲಿಲ್ಲ, ಮುಂಗಡ ಸಾಕ್ಷಿಯ ಸುದ್ದಿಯೂ ತಾನಾಗಿಯೇ ನಿಂತಿತು. ಒಬ್ಬ ಹಿರಿಯ ಹೆಂಗಸು ಮಾತ್ರ, “ಪರಲೋಕದಾಗ ಪೂರ್ತಿ ಗುಣಾ ಆಗ್ಯಾರಲ್ಲವಾ, ನಿನ್ನ ಸಾಕ್ಷಿ ಸುಳ್ಳಾಗಿಲ್ಲ” ಎಂದಳು. ನನಗೆ ಅವಳನ್ನು ದೂಡಿ ಎದ್ದು ಹೋಗಬೇಕೆನಿಸಿತು. ಸಮಾಧಾನ ಮಾಡಲು ಬಂದವಳು, ಪಾಪ. ಚಹಾ ಕುಡಿಸಿ ಕಳಿಸಿದೆ.

ತಿಂಗಳ ನಂತರ ಅಂಗಡಿ ಖಾಲಿ ಮಾಡಲು ಹೋದೆ. ಪಕ್ಕದಲ್ಲಿ ಪಂಕ್ಚರ್ ಹಾಕುವ ಅಂಗಡಿಯಿದೆ. ಅದರ ಮಾಲೀಕರು ವಯಸ್ಸಾದ ಮುಸಲ್ಮಾನರು, ಅವರೂ ನಮ್ಮವರೂ ಇಪ್ಪತ್ತು ವರ್ಷ ಒಂದೇ ಕೆಟಲಿನ ಚಹಾ ಕುಡಿದವರು. ನಮ್ಮವರಿಗೆ ಅಣ್ಣಾ ಎಂದರೆ ನನಗೆ ಅತ್ತಿಗೆಯೆಂದು ವೈನಿ ಎನ್ನುತ್ತಿದ್ದರು. ಸಾಮಾನು ಹೊರಗಿಡಲು ನನಗೆ ನೆರವಾದರು. ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ ನಿಂತರು.

“ವೈನಿ, ಒಂದ ಮಾತು ಎದಿಯಾಗ ಇಟ್ಕೊಂಡೇನಿ. ಹೇಳಿದ್ರ ನಿಮಗ ತ್ರಾಸು, ಹೇಳದಿದ್ರ ನನಗ ತ್ರಾಸು” ಎಂದರು.

“ಹೇಳ್ರಿ” ಎಂದೆ.

“ಮಧ್ಯಾಹ್ನ ನಮಾಜು ಮುಗಿಸಿ ಬಂದ್ರ ಅಣ್ಣಾ ನನ್ನ ಅಂಗಡಿ ಹಿಂದ ಹಳೇ ಟೈರಿನ ಮ್ಯಾಲ ಬಿದ್ದಿರ್ತಿದ್ದ. ತನ್ನ ಅಂಗಡ್ಯಾಗ ಬೀಳಂಗಿಲ್ಲ, ನಿಮ್ಮ ಚರ್ಚಿನವರು ಬರ್ತಾರಂತ. ಬಾಯಾಗ ಟಾವೆಲ್ ತುರಕ್ಕೊಂಡಿರ್ತಿದ್ದ, ವೈನಿ. ಬೆವರು ಸುರಿತಿತ್ತು. ಒಂದು ತಾಸಿಗೆ ಎದ್ದು ಮುಖ ತೊಳಕೊಂಡು ಮತ್ತ ತಂತಿ ಸುತ್ತಾಕ ಕೂಡ್ತಿದ್ದ. ಮನಿಗೆ ಹೇಳೂಣು ನಡಿ ಅಂದ್ರ ನನ್ನ ಕೈ ಹಿಡಕೊಂಡು ಬ್ಯಾಡ ಅಂತಿದ್ದ.”

“ಯಾಕಂತ?”

ಅವರು ನನ್ನ ಕಡೆ ನೋಡದೆ ರಸ್ತೆಯ ಕಡೆ ನೋಡುತ್ತ ಹೇಳಿದರು. “‘ಆಕಿ ದೇವರ ಮುಂದ, ಎಲ್ಲಾರ ಮುಂದ ಹೇಳ್ಯಾಳ. ನಾ ನೋವೈತಿ ಅಂದ್ರ ಆಕಿ ಮಾತು ಸುಳ್ಳಾಕ್ಕೈತಿ. ಆಮ್ಯಾಲ ಆಕಿ ಆ ಮಂದಿಯಾಗ ಹೆಂಗ ಕೂಡ್ಬೇಕು?’ ಅಂತಿದ್ದ. ನಾ ಆಣಿ ಮಾಡಿದ್ದೆ, ಹೇಳೂದಿಲ್ಲಂತ. ಅಲ್ಲಾ ನನ್ನ ಮಾಫ್ ಮಾಡ್ಲಿ.”

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಅವರು ನೀರು ತಂದು ಕೊಟ್ಟರು. ಕುಡಿದೆನೋ ಇಲ್ಲವೋ ನೆನಪಿಲ್ಲ. ಅಂದಿನಿಂದ ನನಗೆ ಪ್ರಾರ್ಥನೆ ನಿಂತುಹೋಯಿತು.

ನಿಂತುಹೋಯಿತು ಎಂದರೆ ದೇವರ ಮೇಲೆ ಸಿಟ್ಟು ಬಂತು ಎಂದಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಜಗಳಕ್ಕಾದರೂ ಮಾತು ಬೇಕು. ನನಗೆ ಮಾತೇ ಬರಲಿಲ್ಲ. ಬೆಳಿಗ್ಗೆ ಮನೆಯಿಂದ ಹೊರಡುವ ಮೊದಲು ಕುರ್ಚಿಯ ಮುಂದೆ ಮೊಣಕಾಲೂರುವುದು ಚಿಕ್ಕಂದಿನಿಂದ ಬಂದ ರೂಢಿ. ಊರುತ್ತಿದ್ದೆ. “ಕರ್ತನೇ” ಎನ್ನುತ್ತಿದ್ದೆ. ಮುಂದಿನ ಮಾತು ಯಾವುದು ಬಂದರೂ ಅದು ಸಾಕ್ಷಿಯ ದನಿಯಲ್ಲೇ ಬರುತ್ತಿತ್ತು. ನನ್ನ ದನಿ ಕೇಳಿ ನನಗೇ ಹೇಸಿಗೆಯಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಐದು ನಿಮಿಷ ಹಾಗೇ ಇದ್ದು ಎದ್ದುಬಿಡುತ್ತಿದ್ದೆ. ಮುಂಚೆ ಕುರ್ಚಿಯ ಆ ಬದಿಗೆ ಯಾರೋ ಕೂತು ಕೇಳುತ್ತಿದ್ದಾರೆ ಎಂಬುದು ನನ್ನ ಮೈಗೇ ಗೊತ್ತಾಗುತ್ತಿತ್ತು. ಈಗ ಬರೀ ಕುರ್ಚಿ.

ಆಗ ನಾನು ಹೂಲಿಯ ಕಡೆಯ ಶಾಲೆಯಲ್ಲಿದ್ದೆ. ಸವದತ್ತಿಗೆ ಹೋಗುವ ಬಸ್ಸಿನಲ್ಲಿ ಹುಣ್ಣಿಮೆ ಹತ್ತಿರ ಬಂದರೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ತುಂಬಿರುತ್ತಾರೆ. ಹಣೆ ತುಂಬ ಭಂಡಾರ, ಮಡಿಲಲ್ಲಿ ಬುತ್ತಿ, ಉಧೋ ಉಧೋ ಎಂಬ ಕೂಗು. ನಾನು ಕಿಟಕಿಯ ಬದಿಗೆ ಬ್ಯಾಗು ಅಪ್ಪಿಕೊಂಡು ಕೂತಿರುತ್ತಿದ್ದೆ. ಅವರ ದೇವರು ಬೇರೆ, ನನ್ನ ದೇವರು ಬೇರೆ. ಆದರೆ ಕರೆದರೆ ಕೇಳುತ್ತದೆ ಎಂಬ ಧೈರ್ಯ ಅವರ ಮುಖದಲ್ಲಿತ್ತು. ಹೊಟ್ಟೆಕಿಚ್ಚಾಗುತ್ತಿತ್ತು ನನಗೆ. ಒಂದು ದಿನ ಪಕ್ಕದಲ್ಲಿ ಕೂತ ಅಜ್ಜಿ ನನ್ನ ಖಾಲಿ ಹಣೆ ನೋಡಿ, ಏನೂ ಕೇಳದೆ, ತನ್ನ ಬುತ್ತಿಯ ಒಂದು ಹೋಳಿಗೆ ನನ್ನ ಕೈಗಿಟ್ಟಳು. ಅದನ್ನು ತಿನ್ನುತ್ತ ಅತ್ತುಬಿಟ್ಟೆ. ಗಂಡ ಹೋದ ಮೇಲೆ ಹಾಗೆ ಅತ್ತದ್ದು ಅದೇ ಮೊದಲು.

ಸಭೆಗೆ ಹೋಗುವುದನ್ನು ಬಿಡಲಿಲ್ಲ. ಕೊನೆಯ ಸಾಲಿನಲ್ಲಿ ಬಾಗಿಲ ಬಳಿ ಕೂರುತ್ತಿದ್ದೆ. ಸಾಕ್ಷಿಯ ಹೊತ್ತಿಗೆ ಹೊರಗೆ ಹೋಗಿ ಚಪ್ಪಲಿಗಳ ಹತ್ತಿರ ನಿಲ್ಲುತ್ತಿದ್ದೆ. ನಮ್ಮ ಪಾಸ್ಟರ್ ಚಿಕ್ಕ ವಯಸ್ಸಿನವರು, ನನ್ನ ಕೈಯಲ್ಲಿ ಕಲಿತವರ ಓರಿಗೆಯವರು. ಒಂದು ದಿನ ಮನೆಗೆ ಬಂದು, “ಇದು ಪರೀಕ್ಷಾ ಕಾಲರಿ ಅಕ್ಕಾರ. ಪಾಸಾಗಿ ಬರ್ತೀರಿ” ಎಂದರು.

“ಪರೀಕ್ಷಾ ಇಡೂದು ನನಗೂ ಗೊತ್ತೈತ್ರಿ. ಮಕ್ಕಳ ಕೈಯಾಗ ಪ್ರಶ್ನೆಪತ್ರಿಕೆ ಆದ್ರೂ ಕೊಡ್ತೇವಿ” ಎಂದೆ. ನನ್ನ ನಾಲಿಗೆಯೇ ಹಾಗೆ.

ಅವರು ಸಿಟ್ಟಾಗಲಿಲ್ಲ. “ಏನಂತ ಪ್ರಾರ್ಥನಾ ಮಾಡ್ಲಿ ನಿಮ್ಮ ಸಲುವಾಗಿ?” ಎಂದು ಕೇಳಿದರು. ಏನೂ ಬೇಡ ಎಂದೆ. ಏನೂ ಪ್ರಾರ್ಥನೆ ಮಾಡದೆ ಸ್ವಲ್ಪ ಹೊತ್ತು ಕೂತು ಹೋದರು. ಆ ಹುಡುಗನ ಮೇಲೆ ನನಗೆ ಅವತ್ತಿನಿಂದ ಗೌರವ.

ಪಂಕ್ಚರ್ ಅಂಗಡಿಯವರು ಹೇಳಿದ್ದನ್ನು ಪಾಸ್ಟರಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಸಭೆಗೆ ಗೊತ್ತಾದರೆ ಏನು ಮಹಾ, ನಾಲ್ಕು ದಿನ ಆಡಿಕೊಳ್ಳುತ್ತಾರೆ. ಮಗಳಿಗೆ ಗೊತ್ತಾದರೆ ಅವಳು ನನ್ನವಳಾಗಿ ಉಳಿಯುವುದಿಲ್ಲ ಎಂದು ಅಂಜಿಕೆ. ಅವಳು ಅಪ್ಪನ ಮಗಳು. ಎಂಟು ದಿನ ಇದ್ದು ಹೋಗುತ್ತೇನೆ ಎಂದವಳನ್ನು ಬೇಡ ಎಂದವಳು ನಾನು. ಅವಳು ಬಂದಿದ್ದರೆ ಒಂದೇ ದಿನದಲ್ಲಿ ಅವರ ಮುಖ ಓದುತ್ತಿದ್ದಳು, ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದಳು.

ಕೂಸಿಗೆ ವರ್ಷ ತುಂಬಿತು. ರಾಮದುರ್ಗದ ಅವರ ಸಭೆಯಲ್ಲಿ ಭಾನುವಾರ ಕೃತಜ್ಞತೆ ಸಲ್ಲಿಸಿ ಮನೆಯಲ್ಲಿ ಊಟ ಇಟ್ಟುಕೊಂಡಿದ್ದರು. ಶನಿವಾರವೇ ಹೋದೆ. ಮರುದಿನ ಸಭೆಯಲ್ಲಿ ಸಾಕ್ಷಿಯ ಹೊತ್ತು ಬಂದಾಗ ನಾನು ಎದ್ದು ಹೊರಗೆ ಹೋಗಬೇಕು, ಅಷ್ಟರಲ್ಲಿ ನನ್ನ ಪಕ್ಕದಲ್ಲೇ ಮಗಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಎದ್ದಳು.

“ನಮ್ಮಪ್ಪಾರು ಈ ಕೂಸಿನ ನೋಡಲಿಲ್ಲ ಅಂತ ನನಗ ಭಾಳ ದುಃಖ ಇತ್ತು. ಆದ್ರ ದೇವರು ಒಂದು ಸಮಾಧಾನ ಕೊಟ್ಟಾರ” ಎಂದಳು. ಅಲ್ಲಿ ತಡೆದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಮ್ಮಪ್ಪಾರಿಗೆ ಒಂದ ದಿನಾನೂ ನೋವಾಗಲಿಲ್ಲ. ಅಂಥಾ ರೋಗದಾಗ ಒಂದ ದಿನಾನೂ ನೋವಿಲ್ಲ. ದೇವರು ಹೂವಿನಂಗ ಎತ್ಕೊಂಡ್ರು.”

ಸಭೆ ಆಮೆನ್ ಎಂದಿತು. ನಾನೂ ಆಮೆನ್ ಎಂದೆ. ಇಷ್ಟು ವರ್ಷದ ಬಾಯಿ, ತಡೆಯುವ ಮೊದಲೇ ಅಂದುಬಿಟ್ಟಿತು.

ಅವಳು ತಡೆದ ಜಾಗ ನಾನು ತಡೆಯುವ ಜಾಗ. ಸೆರಗು ಎತ್ತಿದ ರೀತಿ ನನ್ನದು. ಸುಳ್ಳು ಅವಳದಲ್ಲ, ಅವಳು ನಿಜವೆಂದೇ ಹೇಳಿದಳು. ನಾಳೆ ಇದನ್ನೇ ಆ ಕೂಸಿಗೆ ಹೇಳುತ್ತಾಳೆ, ನಿನ್ನ ತಾತನಿಗೆ ಒಂದು ದಿನವೂ ನೋವಾಗಲಿಲ್ಲ ಎಂದು. ಟವೆಲು ಕಚ್ಚಿಕೊಂಡು ಟೈರಿನ ಮೇಲೆ ಬಿದ್ದಿದ್ದ ಆ ಮನುಷ್ಯ ಎಲ್ಲಿಯೂ ಇರುವುದಿಲ್ಲ. ಅವರನ್ನು ಎರಡನೆಯ ಸಲ ಕಳೆದುಕೊಂಡ ಹಾಗೆ ಆಯಿತು ನನಗೆ. ಆದರೆ ಅವಳಿಗೆ ಉಳಿದಿರುವ ಸಮಾಧಾನ ಅದೊಂದೇ. ಅದನ್ನು ಕಿತ್ತುಕೊಳ್ಳಲು ನಾನು ಯಾರು? ಊಟಕ್ಕೆ ಬಡಿಸುವಷ್ಟು ಹೊತ್ತೂ ಇದೇ ಹೊಯ್ದಾಟ. ಗೋಧಿ ಹುಗ್ಗಿ ಬಡಿಸುವ ಕಡೆ ಸಾರು ಬಡಿಸಿದೆ, ಬೀಗತಿ ನಕ್ಕರು.

ಮಧ್ಯಾಹ್ನ ಬಂದವರೆಲ್ಲ ಹೋದರು. ಅಳಿಯ ಬಾಡಿಗೆ ಕುರ್ಚಿ ಹಿಂದಿರುಗಿಸಲು ಹೋದ. ಮಕ್ಕಳು ಒಳಗೆ ಮಲಗಿದ್ದವು. ನಾನೂ ಮಗಳೂ ಹಿತ್ತಲಿನಲ್ಲಿ ದೊಡ್ಡ ಪಾತ್ರೆಗಳನ್ನು ತೊಳೆಯಲು ಕೂತೆವು. ಹಿಂದಿನ ಓಣಿಯಲ್ಲಿ ಯಾರದೋ ಮಗ್ಗ ಭಾನುವಾರವೂ ಓಡುತ್ತಿತ್ತು.

“ನಿಮ್ಮಪ್ಪಗ ನೋವಿತ್ತು” ಎಂದೆ.

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಯಾವಾಗ?”

“ಕಡೀಕ ಎರಡು ತಿಂಗಳು. ದಿನಾ ಇತ್ತು.”

ಪಂಕ್ಚರ್ ಅಂಗಡಿಯವರು ಹೇಳಿದ್ದನ್ನೆಲ್ಲ ಹೇಳಿದೆ. ಟೈರು, ಟವೆಲು, ಕೈ ಹಿಡಿದುಕೊಂಡದ್ದು, ನನ್ನ ಮಾತು ಸುಳ್ಳಾಗಬಾರದೆಂದದ್ದು. ಡಾಕ್ಟರು ಔಷಧಿ ಇತ್ತು ಎಂದದ್ದನ್ನೂ ಹೇಳಿದೆ. ಎಲ್ಲಿಯೂ ತಡೆಯಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ. ಪಾಠ ಒಪ್ಪಿಸಿದ ಹಾಗೆ ಒಂದೇ ಸಮ ಹೇಳಿ ಮುಗಿಸಿದೆ.

“ನಾ ಬರ್ತೇನಿ ಅಂದಿದ್ನಿ” ಎಂದಳು.

“ಅಂದಿದ್ದಿ.”

“ನೀ ಬ್ಯಾಡ ಅಂದಿ.”

“ಹೂಂ. ನಾನ ಬ್ಯಾಡ ಅಂದೆ.”

“ಎಂಟು ದಿನ ಅವ್ವಾ. ಎಂಟ ದಿನ ಕೇಳಿದ್ದೆ ನಾ.”

ಅವಳು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತಳು. ಕೈಯಿಂದ ಬೂದಿನೀರು ತೊಟ್ಟಿಕ್ಕುತ್ತಿತ್ತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ನಾನು ಹಾಗೇ ಬಸ್ ನಿಲ್ದಾಣಕ್ಕೆ ನಡೆದುಬಿಡಬೇಕು ಎಂದುಕೊಂಡೆ. ಅವಳು ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

“ಈಗ ಪ್ರಾರ್ಥನಾ ಮಾಡ್ತಿಯೇನು?”

“ಬರೂದಿಲ್ಲ. ದಿನಾ ಮೊಣಕಾಲ ಊರತೇನಿ. ಮಾತು ಬರೂದಿಲ್ಲ. ಆ ಕಡಿಂದಾನೂ ಏನೂ ಇಲ್ಲ.”

“ಮತ್ತ ಯಾಕ ಊರತಿ?”

ಇದನ್ನು ಪಾಸ್ಟರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಆದರೂ ಉತ್ತರ ಬಂತು. ಸಾಕ್ಷಿಯ ದನಿಯಲ್ಲಿ ಬರಲಿಲ್ಲ, ತೊದಲುತ್ತ ಬಂತು.

“ನಿಮ್ಮಪ್ಪ ನನ್ನ ಬಾಜೂಕ ಎರಡು ತಿಂಗಳು ಸುಮ್ನ ಇದ್ರು. ಆರಾಮ ಅದಾರ, ಅದಕ್ಕ ಸುಮ್ನದಾರ ಅಂತ ತಿಳಕೊಂಡೆ ನಾ. ಒಬ್ಬ ಮನಶ್ಯಾ ಯಾಕ ಸುಮ್ನದಾನ ಅಂತ ಗೊತ್ತಾಗಲಿಲ್ಲ ನನಗ, ಮೂವತ್ತು ವರ್ಷ ಸಂಸಾರ ಮಾಡಿ. ಈಗ ದೇವರು ಸುಮ್ನದಾನ. ಅವ ಇಲ್ಲ, ಅದಕ್ಕ ಸುಮ್ನದಾನ ಅಂತ ಯಾವ ಬಾಯಿಲೆ ಅನ್ಲಿ? ಒಮ್ಮಿ ತಪ್ಪು ತಿಳಕೊಂಡಾಕಿ ನಾ. ಅದಕ್ಕ ಊರತೇನಿ. ಅಷ್ಟ, ಮತ್ತೇನಿಲ್ಲ.”

ಅವಳು ತಿರುಗಿದಳು. ಮುಖ ಕೆಂಪಾಗಿತ್ತು. ಕ್ಷಮಿಸಿದ ಮುಖವಲ್ಲ ಅದು, ಅಷ್ಟು ಬೇಗ ಯಾರಿಗಾದರೂ ಹೇಗೆ ಸಾಧ್ಯ? ಆದರೆ ಬಂದು ನನ್ನೆದುರಿಗೆ ಮತ್ತೆ ಕೂತಳು. ಅರ್ಧ ತೊಳೆದ ಪಾತ್ರೆಯನ್ನು ಕೈಗೆ ತೆಗೆದುಕೊಂಡು, ತೊಳೆಯದೆ ಹಾಗೇ ಹಿಡಿದುಕೊಂಡಳು.

“ಅಪ್ಪಗ ಎಲ್ಲಿ ನೋವಾಗ್ತಿತ್ತು?” ಎಂದು ಕೇಳಿದಳು.

ತೋರಿಸಲೆಂದು ಕೈ ಎತ್ತಿದೆ. ಹೊಟ್ಟೆಯ ಮೇಲೆ ಇಡಲು ಹೋದೆ, ಆಮೇಲೆ ಬೆನ್ನಿನ ಕಡೆ ಒಯ್ದೆ, ಅಲ್ಲಿಯೂ ಇಡಲಾಗಲಿಲ್ಲ. ಮಗಳು ನನ್ನ ಕೈಯನ್ನೇ ನೋಡುತ್ತಿದ್ದಳು. ನನಗೆ ಗೊತ್ತಿರಲಿಲ್ಲ. ನಾನು ಅವರನ್ನು ಕೇಳಿರಲೇ ಇಲ್ಲ.